ಕುಂಡದೊಳಗಿನ ಆಲ

ಸುರಪುರದ ನಮ್ಮ ಹಳೆಯ ಮನೆಯ ಹಿತ್ತಿಲ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಆಲದ ಸಸಿಯೊಂದನ್ನು ನಮ್ಮ ತೀರ್ಥರೂಪರು ಬೇರುಸಹಿತ ಬಿಡಿಸಿ ಅಗಲವಾದ ಮಣ್ಣಿನ ಕುಂಡದಲ್ಲಿ ನೆಟ್ಟಿದ್ದರು. ಕೊಂಬೆಗಳನ್ನೂ ಬೇರುಗಳನ್ನೂ ಕಾಲಕಾಲಕ್ಕೆ ಕತ್ತರಿಸಿ ಮರವನ್ನು ಮೊಳದೆತ್ತರದಲ್ಲಿಯೇ ನಿಲ್ಲಿಸುವ ಈ ವಿದ್ಯೆಯನ್ನು ಜಪಾನೀಯರು ಬೋನ್ಸಾಯಿ ಎನ್ನುತ್ತಾರೆ. ಮನೆಯು ಪರರ ಪಾಲಾಯಿತು. ತೀರ್ಥರೂಪರೂ ಇಂದು ಇಲ್ಲ. ಯಾದಗಿರಿಯಲ್ಲಿ ನಮ್ಮ ಮಾಳಿಗೆಯ ಮೇಲೆ ಉಳಿದಿರುವುದು ಆ ಮರವೊಂದೇ.

ಹೋದ ಚೈತ್ರದಲ್ಲಿ ಅದರ ಎಲೆಗಳು ಅಂಟಂಟಾಗಿ, ಕಾಡಿಗೆ ಬಳಿದಂತೆ ಕಪ್ಪಾದುವು. ಆ ಕಪ್ಪೇ ರೋಗವೆಂದು ಬಗೆದು ನಾವು ದಿನವೂ ಒದ್ದೆ ಬಟ್ಟೆಯಿಂದ ಒರಸುತ್ತಿದ್ದೆವು. ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿ ಏರುವುದನ್ನು ಕಂಡವರು ನಮ್ಮ ಮನೆಯವರು. ಇರುವೆಗಳನ್ನು ಅನುಸರಿಸಿ ಹೋದರೆ ಎಲೆಸಂದುಗಳಲ್ಲಿ ಹಿಟ್ಟು ಮೆತ್ತಿದಂತಹ ಬಿಳಿಯ ಕೀಟಗಳು! ಶಹಾಪುರದ ಕಡೆಯ ಹತ್ತಿಯ ಹೊಲಗಳವರು ಹಿಟ್ಟು ತಿಗಣೆ ಎನ್ನುವ ಕುಲವೇ ಇದು. ಈ ತಿಗಣೆಯು ಗಿಡದ ರಸವನ್ನು ಹೀರಿ ಸಿಹಿಯಾದ ಅಂಟನ್ನು ಸುರಿಸುತ್ತದೆ. ಕಪ್ಪು ಬೂಷ್ಟು ಬೆಳೆಯುವುದು ಆ ಅಂಟಿನ ಮೇಲೆ. ಇರುವೆಗಳು ಬರುವುದೂ, ತಿಗಣೆಯನ್ನು ಅದರ ವೈರಿಗಳಿಂದ ಕಾಯುವುದೂ ಅದರ ಆಸೆಗೇ.

ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ತಿಗಣೆಗಳನ್ನು ಒರಸಿ ತೆಗೆದೆವು. ನಡುವೆ ಬಿಳಿಯ ಎಳೆಗಳು ಜೋಲಾಡುವ, ಚುರುಕಾಗಿ ನಡೆಯುವ ದೊಡ್ಡ ಹುಳುಗಳು ಕೆಲವು ಕಂಡುವು. ಇವೇ ತಾಯಿ ತಿಗಣೆಗಳಿರಬೇಕೆಂದು ವಿಶೇಷ ಶ್ರದ್ಧೆಯಿಂದ ಹೊಸಕಿದೆವು. ಶಹಾಪುರದಿಂದ ಬಂದ ನಮ್ಮ ಭಾವನವರು ಅಳಿದುಳಿದ ಒಂದನ್ನು ಕಂಡು, “ಇದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ” ಎಂದರು. ಕಾಫಿ ತೋಟಗಳ ಹಸಿರು ಶಲ್ಕಕೀಟವನ್ನು ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತರಿಸಿದ ಜಾತಿಯಂತೆ. ಅಷ್ಟು ದೂರದಿಂದ ಬಂದ ಅತಿಥಿಗೆ ನಮ್ಮ ಮಾಳಿಗೆಯಲ್ಲಿ ಇಂತಹ ಸತ್ಕಾರವಾಯಿತು.

ತಿಗಣೆಯು ಹೋದರೂ ಎಲೆಗಳು ಹಳದಿಯಾಗಿ ಉದುರುವುದು ನಿಲ್ಲಲಿಲ್ಲ. ಯಾದಗಿರಿಯ ಬಿಸಿಲಿಗೆ ಬಾಡಿತೆಂದು ಮೂರು ಹೊತ್ತೂ ನೀರೆರೆದೆವು. ಉದುರುವುದು ಮತ್ತಷ್ಟಾಯಿತು. ಭಾವನವರು ಮಾತನಾಡದೆ ಕುಂಡವನ್ನು ಬೋರಲು ಹಾಕಿದರು. ಬೇರುಗಳು ಕಂದಾಗಿ, ಮೆತ್ತಗಾಗಿ, ದುರ್ಗಂಧ ಬೀರುತ್ತಿದ್ದುವು. ಹಿಂದಿನ ವರ್ಷ ಫಲವತ್ತಾದುದೆಂದು ಅವರ ಹೊಲದಿಂದಲೇ ಎರೆಮಣ್ಣನ್ನು ತಂದು ತುಂಬಿದವರು ನಾವು. ಹತ್ತಿಗೆ ಅದು ತಾಯಿ. ಕುಂಡದಲ್ಲಿ ನೆನೆದರೆ ಉಬ್ಬಿ ಅಂಟಾಗುತ್ತದೆ, ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿಯಿಲ್ಲ. ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿ, ಸೋಸಿದ ಗರಸು, ಇಟ್ಟಿಗೆಯ ಚೂರು, ಸ್ವಲ್ಪ ಹಳೆಯ ಗೊಬ್ಬರ ಇವುಗಳಲ್ಲಿ ಮರವನ್ನು ಕೂಡಿಸಿ ನೆರಳಿನಲ್ಲಿಟ್ಟೆವು. ತೀರ್ಥರೂಪರು ಬೆಳೆಸಿದ ಬೇರುಗಳಲ್ಲಿ ಅರ್ಧದಷ್ಟು ಆ ಸಂಜೆ ಕಸದ ಬುಟ್ಟಿಗೆ ಹೋದುವು. ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಅಲ್ಲಿಂದೀಚೆಗೆ ಮಣ್ಣಿಗೆ ಬೆರಳಿಟ್ಟು ನೋಡಿಯೇ ನೀರು ಹಾಕುವೆವು. ತಿಗಣೆಯು ಮರಳಿ ಕಂಡರೆ, 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಸಿ, ಸೋಸಿ, ಚೂರು ಸಾಬೂನು ಕರಗಿಸಿ, ಬಿಸಿಲಿಳಿದ ಮೇಲೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸುವುದು. ಬೇಸಗೆಯಲ್ಲಿ ಎಲೆಯು ಮಾಸಲಾದರೆ ಅದನ್ನು ಬಿಳಿಯ ಕಾಗದದ ಮೇಲೆ ತಟ್ಟುವುದೂ ಉಂಟು. ಬಿದ್ದ ಚುಕ್ಕೆಗಳು ಹರಿದಾಡಿದರೆ ಅದು ನುಸಿ.

ಶ್ರಾವಣದಲ್ಲಿ ಮೂರು ಕೆಂಪು ಚಿಗುರುಗಳು ಒಡೆದುವು. ಒಂದರ ಬುಡದಲ್ಲಿ ಬಿಳಿಯದೇನೋ ಅಂಟಿತ್ತು. ನಾವು ಬಟ್ಟೆಯನ್ನು ತರುವ ಮುನ್ನ ಕನ್ನಡಕವನ್ನು ತಂದೆವು.