ಹೆಸರು ಒಬ್ಬರದು, ಕಾರ್ಖಾನೆ ಇನ್ನೊಬ್ಬರದು

ರಾಯ್ ವೆದರ್‌ಬಿ 1945ರಲ್ಲಿ ಕ್ಯಾಲಿಫೋರ್ನಿಯಾದ ಸೌತ್ ಗೇಟ್‌ನಲ್ಲಿ ಅಂಗಡಿ ತೆರೆದರು. ಗಿರಾಕಿ ಕೇಳಿದ ಹಾಗೆ ಬೇಟೆ ರೈಫಲ್ ಮಾಡಿಕೊಡುವ ಕೆಲಸ, ದುಡ್ಡಿದ್ದವರಿಗಷ್ಟೇ ದಕ್ಕುತ್ತಿತ್ತು. ಮುಂದೆ ಬೋಲ್ಟನ್ನು ಬಿಗಿಯಾಗಿ ಹಿಡಿದಿಡುವ ಒಂಬತ್ತು ಲಗ್‌ಗಳಿದ್ದ (ಲಗ್ ಎಂದರೆ ಹಲ್ಲಿನಂಥ ಚಾಚು) ಮಾರ್ಕ್ 5 ರೈಫಲ್ ರೂಪಿಸಿ, ಅದರ ತಯಾರಿಕೆಯನ್ನು ಪಶ್ಚಿಮ ಜರ್ಮನಿಯ ಸಾವರ್ ಕಂಪನಿಗೆ, ಆಮೇಲೆ ಜಪಾನಿನ ಹೋವಾ ಕಂಪನಿಗೆ ಒಪ್ಪಿಸಿದರು. 1970ರಲ್ಲಿ ವ್ಯಾನ್‌ಗಾರ್ಡ್ ಎಂಬ ಇನ್ನೊಂದು ರೈಫಲ್ ಬಂತು. ಅದರ ಆ್ಯಕ್ಷನ್, ಅಂದರೆ ಗುಂಡು ತುಂಬಿ ಹಾರಿಸುವ ಯಂತ್ರಭಾಗ, ಹೋವಾದ ಸಿದ್ಧ ಮಾದರಿ, ಹಾಗಾಗಿಯೇ ಬೆಲೆ ಇಳಿಯಿತು. ಮಾರ್ಕ್ 5 ಕೊಳ್ಳಲಾಗದವರಿಗೂ ವೆದರ್‌ಬಿ ರೈಫಲ್ ಕೈಗೆಟುಕಿತು.

ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿದ್ದರಿಂದ ಕೈಕೆಲಸದ ಮಾನ ಹೋಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೋಹವನ್ನು ಬಡಿದು ರೂಪಿಸುವ ಫೋರ್ಜಿಂಗ್ ಯಂತ್ರಗಳಿಗೆ ಹಣ ಸುರಿಯುವುದು ಸಣ್ಣ ಕುಶಲಕರ್ಮಿಯಿಂದ ಆಗುವ ಮಾತಲ್ಲ. ಒಳ್ಳೆಯ ಕಾರ್ಖಾನೆಯನ್ನು ಹುಡುಕಿ, ತನ್ನ ಹೆಸರಿನ ಜವಾಬ್ದಾರಿಯನ್ನು ತಾನೇ ಹೊತ್ತದ್ದು ಸರಿಯಾದ ನಿರ್ಧಾರ.