ಎಸ್.ಪಿ. ರಸ್ತೆಯಲ್ಲಿ ಏಳು ಅಡಿ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ನಗರ್ತಪೇಟೆಯ ಕಡೆಗೆ ಹೆಜ್ಜೆ ಹಾಕಿದರೆ ಸಾದರ ಪತ್ರಪ್ಪ ರಸ್ತೆ ಸಿಗುತ್ತದೆ. ಹಾಗೆಂದು ಕೇಳಿದರೆ ಯಾರೂ ದಾರಿ ತೋರಿಸಲಾರರು, ಎಸ್.ಪಿ. ರಸ್ತೆ ಎನ್ನಬೇಕು. ವೈರು, ಸ್ವಿಚ್ಚು, ಕಂಪ್ಯೂಟರಿನ ಬಿಡಿಭಾಗ, ಕ್ಯಾಮೆರಾ, ಸ್ಪೀಕರು ಎಲ್ಲವೂ ಇಲ್ಲಿ ಸಿಗುತ್ತವೆ. ಸಿಗದಿರುವುದು ನಿಲ್ಲಲು ಜಾಗ ಮಾತ್ರ. ಕೈಗಾಡಿಯವನು ‘ಸೈಡ್, ಸೈಡ್’ ಎನ್ನುತ್ತ ಬಂದರೆ ಗಿರಾಕಿ ಯಾವುದಾದರೊಂದು ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ವ್ಯಾಪಾರ ಅರ್ಧ ಕುದುರುವುದೇ ಹಾಗೆ! ಭಾನುವಾರ ಬಂದರೆ ಬಹುಪಾಲು ಮುಚ್ಚಿದ ಬಾಗಿಲುಗಳನ್ನೇ ನೋಡಿಕೊಂಡು ಹೋಗಬೇಕಾದೀತು.

ಕಳೆದ ತಿಂಗಳು ತುಮಕೂರಿನಿಂದ ಬಂದ ಅಕ್ಕನೊಡನೆ ಇಲ್ಲಿಗೆ ಹೋಗಿದ್ದೆ. ಭಾವ ತೀರಿಕೊಂಡ ಮೇಲೆ ಆಕೆ ಒಬ್ಬಳೇ. ಸಂಜೆಯ ನಂತರ ಮನೆಯಲ್ಲಿ ಕೇಳುವ ಮನುಷ್ಯರ ದನಿ ಟಿ.ವಿ.ಯದೊಂದೇ. ಹಳೆಯ 21 ಇಂಚಿನ ಡಬ್ಬಿ ಟಿ.ವಿ. ಯುಗಾದಿಯ ಹೊತ್ತಿಗೆ ಬಾಯಿ ಮುಚ್ಚಿತ್ತು. ಪಿಂಚಣಿಯಲ್ಲಿ ಉಳಿಸಿದ ಹನ್ನೆರಡು ಸಾವಿರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. “ಇದೇ ಕೊನೇದು ಕಣೋ, ಇನ್ನೊಂದು ತಗೊಳ್ಳೋ ಶಕ್ತಿ ನನಗಿಲ್ಲ” ಎಂದದ್ದು ಕೇಳಿ ನನಗೂ ಜವಾಬ್ದಾರಿ ಭಾರವೆನಿಸಿತು.

ಅಂಗಡಿಯ ಹುಡುಗ ಒಂದೇ ಉಸಿರಿಗೆ ಶುರುಮಾಡಿದ: ಫುಲ್ ಎಚ್.ಡಿ., ಫೋರ್ ಕೆ ಸಪೋರ್ಟ್, ಡೈನಾಮಿಕ್ ಕಾಂಟ್ರಾಸ್ಟ್, ಎಲ್.ಇ.ಡಿ. ಪ್ಯಾನೆಲ್... ಅಕ್ಕ ನನ್ನ ಮುಖ ನೋಡಿದಳು. ನಾನು ಜೇಬಿನಿಂದ ಟೇಪು ತೆಗೆದೆ. ಆಕೆಯ ಮಂಚದಿಂದ ಟಿ.ವಿ. ಇಡುವ ಗೂಡಿಗೆ ಏಳು ಅಡಿ. ಗೂಡಿನ ಅಗಲ ಎರಡೂವರೆ ಅಡಿ. ಈ ಎರಡು ಅಳತೆ ಕೈಯಲ್ಲಿದ್ದರೆ ಮುಕ್ಕಾಲು ಪರಿಭಾಷೆ ತಾನಾಗಿ ಉದುರಿಹೋಗುತ್ತದೆ.

ಮೊದಲು ಇಂಚಿನ ಮಾತು. ಇಂಚೆಂದರೆ ಪರದೆಯ ಮೂಲೆಯಿಂದ ಮೂಲೆಗೆ ಎಳೆದ ಕರ್ಣ. ಹಳೆಯ ಪರದೆಯ ಅಗಲ–ಎತ್ತರ ನಾಲ್ಕಕ್ಕೆ ಮೂರರ ಲೆಕ್ಕದಲ್ಲಿತ್ತು, ಈಗಿನದು ಹದಿನಾರಕ್ಕೆ ಒಂಬತ್ತು. ಹೀಗಾಗಿ 21 ಇಂಚಿನ ಹಳೆಯ ಚಿತ್ರದ ಎತ್ತರ ಹನ್ನೆರಡೂವರೆ ಇಂಚಿನಷ್ಟಿದ್ದರೆ, 24 ಇಂಚಿನ ಹೊಸ ಪರದೆಯ ಎತ್ತರ ಹನ್ನೆರಡಕ್ಕೂ ಕಡಿಮೆ! ಸಂಖ್ಯೆ ಹಿರಿದಾಯಿತೆಂದು 24 ಇಂಚಿನದನ್ನು ಒಯ್ದಿದ್ದರೆ ವಾರ್ತೆ ಓದುವವರ ಮುಖ ಅಕ್ಕನಿಗೆ ಮೊದಲಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. 32 ಇಂಚಿನದಾದರೆ ಎತ್ತರ ಹದಿನೈದೂವರೆ ದಾಟುತ್ತದೆ, ಅಗಲ 28. ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. ಕಾಲುಗಳನ್ನು ಮಾತ್ರ ಗಮನಿಸಬೇಕು. ಈಗಿನವಕ್ಕೆ ಅವು ಎರಡು ತುದಿಗಳಲ್ಲಿರುತ್ತವೆ, ಕಿರಿದಾದ ಸ್ಟೂಲಿನ ಮೇಲೆ ನಿಲ್ಲವು.

“ಫುಲ್ ಎಚ್.ಡಿ. ತಗೊಳ್ಳಿ ಸಾರ್, ಮೂರೇ ಸಾವಿರ ಜಾಸ್ತಿ” ಎಂದ ಹುಡುಗ. ಇದರಲ್ಲಿ ಚುಕ್ಕೆಗಳ ಸಂಖ್ಯೆ ಸುಮಾರು 20.7 ಲಕ್ಷ, ಎಚ್.ಡಿ. ರೆಡಿ ಎಂಬ ಅಗ್ಗದ್ದರಲ್ಲಿ 10.5 ಲಕ್ಷ. ದುಪ್ಪಟ್ಟು ನಿಜ, ಆದರೆ ನೋಡುವುದು ಕಣ್ಣು ತಾನೆ? ಆರೋಗ್ಯವಂತ ಕಣ್ಣು ಸುಮಾರು ಹನ್ನೊಂದು ಅಡಿ ದೂರದಿಂದ ಒಂದು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಏಳು ಅಡಿಗೆ ಆ ಮಿತಿ 0.6 ಮಿ.ಮೀ. ಆಸುಪಾಸು. 32 ಇಂಚಿನ ಎಚ್.ಡಿ. ರೆಡಿಯಲ್ಲಿ ಚುಕ್ಕೆಗಳ ಅಂತರ 0.52 ಮಿ.ಮೀ. ಅಂದರೆ ಮಂಚದಿಂದ ನೋಡುವ ಅಕ್ಕನಿಗೆ, ಅದೂ ಪೊರೆಯ ಶಸ್ತ್ರಚಿಕಿತ್ಸೆ ಆದ ಕಣ್ಣಿಗೆ, ಆ ಮೂರು ಸಾವಿರ ಕಾಣುವುದೇ ಇಲ್ಲ. ಮೇಜಿನ ಮೇಲಿಟ್ಟು ಮೂರಡಿ ದೂರದಿಂದ ಅಕ್ಷರ ಓದುವವರ ಮಾತು ಬೇರೆ.

ಫೋರ್ ಕೆ ಸಪೋರ್ಟ್ ಎಂದರೇನೆಂದು ಕೇಳಿದೆ. ಹುಡುಗ ನಕ್ಕ. ಇಂಥ ಸಣ್ಣ ಸೆಟ್ಟುಗಳ ಪೆಟ್ಟಿಗೆಯ ಮೇಲಿರುವ ಈ ಮಾತಿಗೆ, ಆ ಬಗೆಯ ಚಿತ್ರ ಬಂದರೆ ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ತೋರಿಸುವುದು ತನ್ನಲ್ಲಿರುವಷ್ಟೇ ಚುಕ್ಕೆಗಳಲ್ಲಿ. ಎಲ್.ಇ.ಡಿ. ಟಿ.ವಿ. ಎಂಬುದೂ ಹಾಗೆಯೇ. ಇಂಥವುಗಳಲ್ಲಿ ಚಿತ್ರ ಮೂಡಿಸುವುದು ದ್ರವ ಹರಳಿನ ಪರದೆ, ಎಲ್.ಇ.ಡಿ. ಅದರ ಹಿಂದಿನ ದೀಪ ಮಾತ್ರ. ಲಕ್ಷಕ್ಕೆ ಒಂದು ಎಂಬಂಥ ಡೈನಾಮಿಕ್ ಕಾಂಟ್ರಾಸ್ಟಿನ ಅಂಕಿಯನ್ನಂತೂ ಓದಲೇಬಾರದು. ದೀಪ ಪೂರ್ತಿ ಉರಿಸಿದಾಗಿನ ಬಿಳುಪನ್ನು ಅದನ್ನು ತಗ್ಗಿಸಿದಾಗಿನ ಕಪ್ಪಿನೊಡನೆ ಹೋಲಿಸಿದ ಲೆಕ್ಕ ಅದು. ಎರಡೂ ಒಂದೇ ಕ್ಷಣದ ಚಿತ್ರದಲ್ಲಿ ಸಿಗುವುದಿಲ್ಲ.

ಇನ್ನು ಪರೀಕ್ಷೆ. ಅಂಗಡಿಯ ಆಳ ಐದಡಿ. ನನಗೆ ಬೇಕಾದದ್ದು ಏಳು. ಅಕ್ಕನನ್ನು ಹೊರಗೆ ಪುಟ್‌ಪಾತಿನ ಮೇಲೆ ಸ್ಟೂಲು ಹಾಕಿ ಕೂರಿಸಿದೆವು. ಸ್ಕೂಟರಿನವರು ಬೈದುಕೊಂಡೇ ಹೋದರು. ಆಕೆ ಮಲಗಿ ನೋಡುವವಳಾದ್ದರಿಂದ ನೇರದಿಂದಲೂ, ಪಕ್ಕಕ್ಕೆ ಸರಿದೂ, ಬಗ್ಗಿ ಕೆಳಗಿನಿಂದಲೂ ನೋಡಿಸಿದೆ. ಒಂದು ಸೆಟ್ಟಿನಲ್ಲಿ ಬಗ್ಗಿದೊಡನೆ ಮುಖಗಳು ಮಸಿ ಬಳಿದಂತಾದವು. ಅದು ಅಲ್ಲಿಗೇ ಹೊರಬಿತ್ತು. ಆಮೇಲೆ ಹಾಡು ನಿಲ್ಲಿಸಿ ಬರೀ ವಾರ್ತೆ ಹಾಕಿಸಿದೆ. ತೆಳ್ಳಗಿನ ಟಿ.ವಿ.ಗಳ ಸ್ಪೀಕರು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ, ಮಾತು ಗೊಣಗಿದಂತೆ ಕೇಳಬಹುದು. ಕಿವಿ ಮಂದವಾದವರಿಗೆ ಇದು ಚಿತ್ರಕ್ಕಿಂತ ಮುಖ್ಯ. ಅಕ್ಕ ಎರಡನೆಯ ಸೆಟ್ಟಿಗೆ ತಲೆಯಾಡಿಸಿದಳು.

32 ಇಂಚಿನದೇ ಇಲ್ಲಿ ರಾಶಿ ಬಿದ್ದಿರುವುದಕ್ಕೆ ತೆರಿಗೆಯ ಪಾಲೂ ಇದ್ದೀತು. 2019ರ ಜನವರಿಯಲ್ಲಿ ಆ ಅಳತೆಯವರೆಗಿನವಕ್ಕೆ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ದೊಡ್ಡವು 2025ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಅಕ್ಕನ ಮನೆಯಲ್ಲಿರುವುದು ಡಿ.ಡಿ. ಫ್ರೀ ಡಿಶ್. ತಿಂಗಳ ಬಾಡಿಗೆಯಿಲ್ಲದೆ ಚಂದನ ಬರುತ್ತದೆ. ಅದರ ಹಳೆಯ ಪೆಟ್ಟಿಗೆಗೆ ಕೆಂಪು, ಬಿಳಿ, ಹಳದಿ ಮೂತಿಯ ವೈರು. ಹೊಸ ಟಿ.ವಿ.ಯ ಬೆನ್ನಿನಲ್ಲಿ ಆ ಮೂರು ತೂತುಗಳ ಬದಲು ಒಂದೇ ಪುಟ್ಟ ತೂತು ಇತ್ತು! ಅದಕ್ಕೆ ಹೊಂದುವ ಜೋಡಣೆ ವೈರನ್ನು ಹುಡುಗ ಪಕ್ಕದಂಗಡಿಯಿಂದ ತಂದ. ಎಪ್ಪತ್ತು ರೂಪಾಯಿ ಎಂದವನು ಅಕ್ಕನ ಕರವಸ್ತ್ರದ ಗಂಟು ನೋಡಿ “ಇರ್ಲಿ ಬಿಡಮ್ಮ” ಎಂದ.

ಒಡೆದ ಪರದೆಯನ್ನು ಬದಲಿಸಲು ಹೊಸ ಟಿ.ವಿ.ಯ ಬೆಲೆಯೇ ಬಿದ್ದೀತು. ಆದ್ದರಿಂದ ರಿಪೇರಿ ಕೇಂದ್ರ ತುಮಕೂರಿನಲ್ಲಿದೆಯೇ ಎಂದು ಅಲ್ಲೇ ಫೋನು ಮಾಡಿಸಿ ಖಚಿತಪಡಿಸಿಕೊಂಡು, ಸೆಟ್ಟಿನ ನಂಬರು ಬರೆದ ಬಿಲ್ಲು ಕೇಳಿದೆ. ಬಿಲ್ಲಿಲ್ಲದೆ ಕಡಿಮೆ ಮಾಡುತ್ತೇನೆಂದವನಿಗೆ ಅಕ್ಕನೇ ಉತ್ತರಿಸಿದಳು: “ಬಿಲ್ಲು ಹಾಕಪ್ಪ, ನನ್ನ ಹೆಸರಲ್ಲೇ ಹಾಕು.” ಹನ್ನೊಂದು ಸಾವಿರದ ನಾನೂರಾಯಿತು. ಪೆಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿಕೊಂಡೇ ಒಯ್ಯಬೇಕೆಂದು ಹೇಳಿ, ಹುಡುಗ ಆಟೊ ಕೂಗಿದ.