ಬೋರ್ಡು ಹೋಗಿದೆ ಅಂದರೆ ಈ ಪ್ರಶ್ನೆ ಕೇಳ್ರಿ

ಕೆಂಚನಗುಡ್ಡದ ನಮ್ಮ ಮನೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇದೆ. ತಂಗಿ ಅದರಲ್ಲೇ ಟೈಪಿಂಗ್ ಕಲಿಯುತ್ತಾಳೆ, ಓಣಿಯವರ ಅರ್ಜಿಗಳನ್ನೂ ಬರೆದುಕೊಡುತ್ತಾಳೆ. ಕಳೆದ ಬೇಸಿಗೆಯಲ್ಲಿ ಅದು ಕೆಲಸದ ನಡುವೆ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗತೊಡಗಿತು. ಅರ್ಧ ಬರೆದ ಅರ್ಜಿ ಅಳಿಸಿಹೋಗುತ್ತಿತ್ತು. ರಿಪೇರಿಯವರು ‘ಬೋರ್ಡು ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ರಿ’ ಅಂದರು. ಅಷ್ಟು ದುಡ್ಡು ಇರಲಿಲ್ಲ. ನಾವೇ ಒಂದೊಂದಾಗಿ ನೋಡುತ್ತ ಹೋದೆವು.

ಮೊದಲ ಅನುಮಾನ ಕರೆಂಟಿನ ಮೇಲೆ. ಪ್ಲಗ್ಗಿಗೆ 230 ವೋಲ್ಟ್ ಬರಬೇಕು. ಭತ್ತದ ಗದ್ದೆಗಳ ಮೋಟರ್ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ಆದರೆ ಬಲ್ಬು ಚೆನ್ನಾಗಿ ಉರಿಯುವ ರಾತ್ರಿ ಹೊತ್ತಿನಲ್ಲೂ, ಬೇರೆ ಮನೆಗೆ ಒಯ್ದು ಹಾಕಿದರೂ ಅದೇ ಕತೆ.

ಎರಡನೆಯದು ರೀಸೆಟ್ ಬಟನ್. ಅದು ಒಳಗೆ ಸಿಕ್ಕಿಕೊಂಡರೂ ಕಂಪ್ಯೂಟರ್ ರೀಸೆಟ್ ಆಗುತ್ತದೆ. ಪ್ಲಗ್ ತೆಗೆದು, ಬಟನ್ನಿನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ವೈರ್ ಕಿತ್ತು ನೋಡಿದೆವು. ಬದಲಾಗಲಿಲ್ಲ.

ಮೂರನೆಯದು ಬಿಸಿ. ಪ್ರೊಸೆಸರ್ ಮೇಲಿನ ಫ್ಯಾನಿನ ಧೂಳನ್ನು ಬ್ರಷ್‌ನಿಂದ ತೆಗೆದೆವು. ಮೆಷಿನ್ ತಣ್ಣಗಾಯಿತು, ರೀಸೆಟ್ ನಿಲ್ಲಲಿಲ್ಲ.

ಉಳಿದದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು 12, 5 ಮತ್ತು 3.3 ವೋಲ್ಟ್ ಮಾಡಿ ಕೊಡುವ ಡಬ್ಬಿ ಇದು. ಈ ವೋಲ್ಟೇಜ್ ಸರಿಯಿದೆ ಎಂದು ಅದು ಒಂದು ವೈರಿನ ಮೂಲಕ ಬೋರ್ಡಿಗೆ ಸಿಗ್ನಲ್ ಕೊಡುತ್ತಿರುತ್ತದೆ. ಆ ಸಿಗ್ನಲ್ ಕ್ಷಣಮಾತ್ರ ತಪ್ಪಿದರೂ ಬೋರ್ಡು ರೀಸೆಟ್ ಆಗುತ್ತದೆ. ಗೆಳೆಯನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು, ಬೋರ್ಡಿನ ದೊಡ್ಡ ಕನೆಕ್ಟರ್ ಮತ್ತು ಪ್ರೊಸೆಸರ್ ಹತ್ತಿರದ ನಾಲ್ಕು ಪಿನ್ನಿನ ಕನೆಕ್ಟರ್ ಎರಡನ್ನೂ ಹಾಕಿದೆವು. ದಿನವಿಡೀ ಒಮ್ಮೆಯೂ ನಿಲ್ಲಲಿಲ್ಲ. ಬೋರ್ಡು ಚೆನ್ನಾಗಿಯೇ ಇತ್ತು. ಎಸ್‌ಎಂಪಿಎಸ್ ಒಂದನ್ನೇ ಬದಲಿಸಿದೆವು.

ನಿಜವಾಗಿಯೂ ಬೋರ್ಡು ಕೆಡುವುದೂ ಉಂಟು. ಅದರ ಮೇಲೆ ಸಣ್ಣ ಡ್ರಮ್ಮಿನಂತೆ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಸೋರಿದ್ದರೆ ಅವು ಕೆಟ್ಟಿವೆ. ತಾರೀಖು, ಸಮಯ ಮಾತ್ರ ಹಿಂದಕ್ಕೆ ಹೋಗುತ್ತಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿದರೆ ಸಾಕಾಗಬಹುದು.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಜೀವಕ್ಕೆ ಅಪಾಯ.

ಯಾರಾದರೂ ‘ಬೋರ್ಡು ಹೋಗಿದೆ’ ಅಂದರೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳ್ರಿ: ‘ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ್ರೇನ್ರಿ?’